ಮೂರು ತಿಂಗಳ ನಳಿಗೆ

ಮೊರಬ
ತಾ. ೧೦-೭-೧೯೮೮, ರವಿವಾರ

ಜೀವದ ಗೆಳತಿ ಜುಲೇಖಾಬಿಗೆ ನಿನ್ನ ಸಾವಿತ್ರಿಯ ಸಲಾಮು.

ಬಾಷಾಸಾಬರಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಇದರ ಮುಂದಿನ ಸಾಲಿನಲ್ಲಿ ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಸಂಶಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನಮ್ಮಿಬ್ಬರಿಗೂ ಹಾಗೆಂದೇ ಕಲಿಸಿದ್ದರು. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ನೀನೀಗ ಗುಡಗೇರಿಯಲ್ಲಿ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸುವ ಅಕ್ಕೋರು, ಬೇಕಾದರೆ ಎರಡು ಅಂಕ ಕಳೆ.

ರಂಜಾನ್ ಹಬ್ಬಕ್ಕೆ ನೀನು ಕಳಿಸಿದ ಶಾವಿಗೆಯೂ ಪತ್ರವೂ ಮುಟ್ಟಿ ಎರಡು ತಿಂಗಳಾಗುತ್ತ ಬಂತು. ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಬಿತ್ತಿಗೆ ಇತ್ತು, ಮಳೆ ಹಿಡಿದಿತ್ತು ಎಂದು ನೆವ ಹೇಳಬಹುದು. ಆದರೆ ನಿನ್ನ ಮುಂದೆ ನೆವ ಹೇಳಿ ದಕ್ಕಿಸಿಕೊಂಡವಳಲ್ಲ ನಾನು. ಪೆನ್ನು ಹಿಡಿದರೆ ಏನು ಬರೆಯಬೇಕಾಗುತ್ತದೋ ಎಂದು ಅಂಜಿ ಪೆನ್ನನ್ನೇ ಮುಟ್ಟಲಿಲ್ಲ. ಶಾವಿಗೆ ಮನೆಮಂದಿಯೆಲ್ಲ ತಿಂದರು. ನನಗೆ ತುಪ್ಪ, ಕೊಬ್ಬರಿ ಬಿಡಿಸಿದ್ದಾರಾದ್ದರಿಂದ ನಾನು ವಾಸನೆ ಅಷ್ಟೇ ತೆಗೆದುಕೊಂಡು ಎದ್ದೆ.

ವಿಷಯ ಇಷ್ಟು. ನನಗೆ ಕಾಮಣಿ ತಿರುಗಿ ಬಂದಿದೆ, ಕಣ್ಣು ಮತ್ತೆ ಹಳದಿಯಾಗಿವೆ. ಬುಧವಾರ ಮತ್ತೆ ಮುಂಬಯಿಗೆ ಕರೆದುಕೊಂಡು ಹೊರಟಿದ್ದಾರೆ. ಬಹಳ ಹೆದರಿಕೆಯಾಗಿದೆ ಜುಲೇಖಾ.

ಮಾರ್ಚಿ ತಿಂಗಳಲ್ಲಿ ಅಲ್ಲಿಂದ ಬಂದ ಮೇಲೆ ನಿನಗೊಂದು ಪತ್ರ ಬರೆದಿದ್ದೆನಲ್ಲ, ಅದರಲ್ಲಿ ಬರೀ ನಗೆಚಾಟಿಕೆ ಮಾಡಿದ್ದೆ. ಹೊಟ್ಟೆ ಕೊಯ್ಯದೆ ಬಾಯಿಂದಲೇ ನಳಿಗೆ ಇಳಿಸಿ ಪಿತ್ತದ ಹರಳು ತೆಗೆದರು, ಸೊಸೆಯ ಬಾಯಿ ದೊಡ್ಡದು ಎಂದು ಅತ್ತೆ ಅನ್ನುತ್ತಿದ್ದದ್ದು ಕಡೆಗೂ ಉಪಯೋಗಕ್ಕೆ ಬಂತು ಎಂದೆಲ್ಲ ಬರೆದಿದ್ದೆ. ನೀನೂ ನಕ್ಕು ಉತ್ತರ ಕೊಟ್ಟೆ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಇವತ್ತು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಈಗ ನಡು ಮಧ್ಯಾಹ್ನ, ಯಜಮಾನರು ಹೆಸರಿನ ಹೊಲಕ್ಕೆ ಎಡೆಕುಂಟೆ ಹೊಡೆಸಲು ಹೋಗಿದ್ದಾರೆ, ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ಅಲ್ಲಿ ನನ್ನನ್ನು ಎಡಮಗ್ಗುಲಾಗಿ ಮಲಗಿಸಿದರು. ಹಲ್ಲು ಕೂಡಬಾರದೆಂದು ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ಬಾಯಲ್ಲಿಟ್ಟು ತಲೆಯ ಹಿಂದೆ ಬಿಗಿದರು. ಸೂಜಿ ಮಾಡಿ ಇನ್ನು ನಿದ್ದೆ ಬರುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಬರಲಿಲ್ಲ. ಒಳಗಿನ ಫೋಟೋ ತೆಗೆಯುವ ಕೋಣೆ ಅದು, ದೀಪ ಆರಿಸಿದರು. ಬೆರಳು ದಪ್ಪದ ಕರಿ ನಳಿಗೆ ಗಂಟಲಿನಿಂದ ಇಳಿಯಿತು. ಒಬ್ಬಳು ತಲೆ ಹಿಡಿದಿದ್ದಳು, ಇಬ್ಬರು ಕೈಕಾಲು ಹಿಡಿದಿದ್ದರು. ಸಾಕು ಅನ್ನಬೇಕು, ಅನ್ನಲು ಬಾಯಿಲ್ಲ. ಕೈ ಎತ್ತಿದೆ. ನರ್ಸ್ ಹುಡುಗಿ ಸಮಾಧಾನದಿಂದಲೇ ನನ್ನ ಕೈಯನ್ನು ಕೆಳಕ್ಕೆ ಒತ್ತಿದಳು. ಮತ್ತೆ ಎತ್ತಿದೆ, ಮತ್ತೆ ಒತ್ತಿದಳು. ಡಾಕ್ಟರರು ತಮ್ಮ ತಮ್ಮಲ್ಲೇ ಚಹಾ ಇನ್ನೂ ಬಂದಿಲ್ಲವೆಂದು ಮಾತಾಡಿಕೊಳ್ಳುತ್ತಿದ್ದರು. ಮುಕ್ಕಾಲು ತಾಸು ಹಿಡಿಯಿತು. ಅವರು ಕೆಟ್ಟವರಲ್ಲ, ನನ್ನ ಜೀವ ಉಳಿಸಿದವರು, ಆಮೇಲೆ ನನ್ನ ಬೆನ್ನನ್ನೂ ತಟ್ಟಿದರು. ಆದರೆ ಆ ಮುಕ್ಕಾಲು ತಾಸು ನಾನು ಮನುಷ್ಯರ ಲೆಕ್ಕದಲ್ಲಿ ಇರಲಿಲ್ಲ. ಎದ್ದಾಗ ನನ್ನ ಕೆಳಗೆ ಒದ್ದೆಯಾಗಿತ್ತು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಒಳಗೆ ಏನು ಮಾಡಿದರೆಂಬುದನ್ನು ಆಮೇಲೆ ಯಜಮಾನರಿಗೆ ತಿಳಿಸಿ ಹೇಳಿದರಂತೆ. ಪಿತ್ತ ಕರುಳಿಗೆ ಇಳಿಯುವ ದಾರಿಯ ಬಾಯಿಯನ್ನು ಸ್ವಲ್ಪ ಕೊಯ್ದು ದೊಡ್ಡದು ಮಾಡಿ ಎರಡು ಹರಳು ತೆಗೆದಿದ್ದರು. ಮೂರನೆಯದು ಮೇಲೆಯೇ ಸಿಕ್ಕಿಕೊಂಡಿತ್ತು. ಅದಕ್ಕೆ ದಾರಿ ಮುಚ್ಚದ ಹಾಗೆ ಪೆನ್ನಿನ ಕಡ್ಡಿಯಷ್ಟು ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ಒಳಗೇ ಬಿಟ್ಟು ಕಳಿಸಿದರು. ಮೂರು ತಿಂಗಳಿಗೆ ಬನ್ನಿ, ಇದನ್ನು ತೆಗೆದು ಹೊಸದು ಹಾಕುತ್ತೇವೆ, ಹರಳನ್ನೂ ನೋಡುತ್ತೇವೆ, ತಡ ಮಾಡಿದರೆ ನಳಿಗೆ ಕಟ್ಟಿಕೊಳ್ಳುತ್ತದೆ ಎಂದರಂತೆ. ‘ನಮ್ಮ ಮಲಪ್ರಭಾ ಕಾಲುವಿ ಇದ್ದಂಗ ನೋಡು. ಹೂಳ ತಗಸ್ಲಿಲ್ಲಂದ್ರ ನೀರ ಮುಂದಕ ಹೋಗೂದಿಲ್ಲ’ ಎಂದು ಯಜಮಾನರು ರೈಲಿನಲ್ಲಿ ಊರು ಮುಟ್ಟುವ ತನಕ ನನಗೆ ಪಾಠ ಹೇಳಿದರು. ಕೊಟ್ಟ ಚೀಟಿಯಲ್ಲೂ ತಾರೀಖು ಇರಲಿಲ್ಲ, ಮೂರು ತಿಂಗಳು ಎಂದಷ್ಟೇ ಇತ್ತು.

ನಾವು ಊರು ಮುಟ್ಟಿದ್ದು ಯುಗಾದಿಯ ಹಿಂದುಮುಂದು. ನಮ್ಮ ಅತ್ತೆ ರೇವವ್ವನನ್ನು ನೀನು ನನ್ನ ಮದುವೆಯಲ್ಲಿ ನೋಡಿದ್ದೀ, ಈಗ ಎಪ್ಪತ್ತಾರರ ಮುದುಕಿ. ಅಕ್ಷರ ಬಾರದು. ಆದರೆ ತಿಂಗಳು ಎಣಿಸುವುದರಲ್ಲಿ ನಮ್ಮ ಓಣಿಗೆಲ್ಲ ಆಕೆಯೇ ಪಂಚಾಂಗ. ಯಾರ ಎಮ್ಮೆ ಯಾವ ಅಮಾವಾಸ್ಯೆಗೆ ಈಯುತ್ತದೆ, ಯಾರ ಸೊಸೆಗೆ ಎಂದು ದಿನ ತುಂಬುತ್ತದೆ, ಎಲ್ಲ ಬೆರಳ ಗೆಣ್ಣಿನ ಮೇಲೆ ಹೇಳುತ್ತಾಳೆ. ಅಂದು ಪಡಸಾಲೆಯಲ್ಲಿ ನಮ್ಮನ್ನು ಕೂಡ್ರಿಸಿಕೊಂಡು ಕೇಳಿದಳು, ‘ತಿರುಗಿ ಯಾವಾಗ ಬಾ ಅಂದಾರಪಾ ಶಂಭು?’

‘ಮೂರ ತಿಂಗಳಿಗೆ ಬೇ’ ಎಂದರು ಯಜಮಾನರು.

‘ಚೈತ್ರ ಒಂದು, ವೈಶಾಖ ಎರಡು. ಆಮ್ಯಾಲೆ ಈ ವರ್ಷ ಅಧಿಕ ಜ್ಯೇಷ್ಠ ಬಂದೈತಿ. ಅದು ಲೆಕ್ಕಕ್ಕಿಲ್ಲ. ಅದರ ಹಿಂದಿನ ನಿಜ ಜ್ಯೇಷ್ಠ ಮೂರು. ಮಣ್ಣೆತ್ತಿನ ಅಮಾಸಿ ಮುಗಿಸಿ ಹೋಗ್ರಿ.’

‘ದವಾಖಾನಿಯವ್ರು ನಮ್ಮ ತಿಂಗಳಾ ಹಿಡೀತಾರೋ, ಕ್ಯಾಲೆಂಡರಿನ ತಿಂಗಳಾ ಹಿಡೀತಾರೋ’ ಎಂದು ಯಜಮಾನರು ಒಂದು ಸಲ ಕೇಳಿದ್ದೂ ನಿಜ.

‘ಯಾರ ತಿಂಗಳಾದ್ರೂ ಚಂದ್ರಾಮ ಒಬ್ಬನ ಅಲ್ಲೇನೋ? ಅಧಿಕದಾಗ ಬಾಂವಿ ತೋಡೂದಿಲ್ಲ, ಮಕ್ಕಳ ಜವಳ ತಗಿಯೂದಿಲ್ಲ. ಮೈಯಾಗಿಂದು ಕಿತ್ತು ಹೊಸಾದು ಹಾಕಸ್ತಾರೇನು?’

ಕ್ಯಾಲೆಂಡರಿನ ಲೆಕ್ಕ ಹಿಡಿದರೆ ಹೋಗುವ ದಿನ ಸರಿಯಾಗಿ ಜೂನ್ ನಡುವೆ, ಹೆಸರು ಶೇಂಗಾ ಬಿತ್ತುವ ಹೊತ್ತಿಗೆ ಬರುತ್ತಿತ್ತು. ಅವ್ವನ ಲೆಕ್ಕ ಯಜಮಾನರಿಗೂ ಅನುಕೂಲವೇ ಆಯಿತು. ಕನ್ನಡ ಏಳನೆಯ ಇಯತ್ತೆ ಮುಟ್ಟಿದ ಹೆಂಗಸು ಈ ಮನೆಯಲ್ಲಿ ನಾನೊಬ್ಬಳೇ, ಇಬ್ಬರೂ ಒಮ್ಮೆ ನನ್ನ ಮುಖ ನೋಡಿದರು. ನಾನು ಮೊರದಲ್ಲಿನ ಜೋಳ ಹಸನು ಮಾಡುತ್ತ ಕುಳಿತೆ.

ಏಪ್ರಿಲ್, ಮೇ ಎರಡು ತಿಂಗಳು ಅಗದಿ ಆರಾಮ ಇದ್ದೆ. ತುರಿಕೆ ಹೋಯಿತು, ಊಟ ಸೇರಿತು, ಕಣ್ಣು ಬೆಳ್ಳಗಾದವು. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಉಣಿಸುವ ರೂಢಿ ಇದೆಯಲ್ಲ, ಕಲಘಟಗಿಯಿಂದ ಅಳಿಯ, ಮಗಳು ಬಂದರು. ಅಳಿಯ ಹೋಳಿಗೆ ಉಂಡದ್ದು ನೋಡಿದರೆ ಆ ತಿಂಗಳು ಅವನೊಬ್ಬನ ಲೆಕ್ಕಕ್ಕೆ ಮಾತ್ರ ಇದ್ದ ಹಾಗಿತ್ತು. ಮಗಳು ಈಗ ಏಳು ತಿಂಗಳ ಬಸುರಿ. ನನ್ನ ವಿಷಯ ಅವಳಿಗೆ ತಿಳಿಸಿಲ್ಲ, ನೀನೂ ಯಾರ ಕೈಯಲ್ಲೂ ಹೇಳಿ ಕಳಿಸಬೇಡ.

ಕಾರ ಹುಣ್ಣಿಮೆಯ ಹಿಂದಿನ ದಿನ ಮೂತ್ರ ಕರಿ ಚಹಾದ ಬಣ್ಣಕ್ಕೆ ಬಂದಿತ್ತು. ಬಿಸಿಲಿಗೆ ಎಂದುಕೊಂಡೆ. ಆ ದಿನ ಬಿಸಿಲೇ ಇರಲಿಲ್ಲ, ಮೋಡ ಮುಸುಕಿತ್ತು. ಮರುದಿನ ಅಂಗೈ ತುರಿಸಿತು. ನಾನೇನು ಮಾಡಿದೆ ಗೊತ್ತೇ, ಶುಕ್ರವಾರದ ನೆವ ಹೇಳಿ ಕೆನ್ನೆಗೂ ಕೈಗೂ ಅರಿಶಿಣ ಗಟ್ಟಿಯಾಗಿ ಹಚ್ಚಿಕೊಂಡೆ. ಶನಿವಾರವೂ ಹಚ್ಚಿಕೊಂಡೆ. ಹಗಲು ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಮ್ಮ ಅಡಿಗೆಮನೆಯ ಗುಲೋಬಿನ ಬೆಳಕಿನಲ್ಲಿ ಎಲ್ಲರೂ ಹಳದಿಯೇ ಕಾಣುತ್ತಾರೆ.

ಕಂಡುಹಿಡಿದವಳು ಅತ್ತೆಯೇ. ಸೋಮವಾರ ಮುಂಜಾನೆ ನೀರಿನ ಕೊಡ ಇಳುಹುತ್ತಿದ್ದಾಗ ಅಂಗಳಕ್ಕೆ ಎಳೆದು ನಿಲ್ಲಿಸಿದಳು. ‘ಮಾರಿ ಎತ್ತವಾ’ ಎಂದು ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದಳು. ‘ಯಾವತ್ತಿಂದ?’

‘ಇವತ್ತ ಕಂಡೇತೇನೋ ಅತ್ತಿ.’

‘ಸುಳ್ಳ ಹೇಳಬ್ಯಾಡ. ಇದು ಇವತ್ತಿಂದಲ್ಲ.’

ಮರುದಿನ ಮಧ್ಯಾಹ್ನ ಚಳಿ ಹೊಕ್ಕಿತು. ಹಾಗೆ ನಡುಗಿದ್ದು ನಾನು ಹುಟ್ಟಿದಾಗಿನಿಂದ ಇಲ್ಲ. ಮೂರು ಕಂಬಳಿ ಹೊದಿಸಿ ಮೇಲೆ ಅತ್ತೆಯೇ ನನ್ನನ್ನು ತೆಕ್ಕೆ ಹಾಯ್ದು ಮಲಗಿದರೂ ಹೊರಸು ಅಲುಗುತ್ತಿತ್ತು. ಮಳೆಗೆ ಎರಿಮಣ್ಣು ಗಾಲಿಗೆ ಮೆತ್ತಿ ಬಸ್ಸು ಬಂದಿರಲಿಲ್ಲ. ಯಜಮಾನರು ಬಾಜು ಮನೆಯ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮೇವು ಹಾಸಿ ನನ್ನನ್ನು ಡಾಂಬರು ರಸ್ತೆಯವರೆಗೆ ಒಯ್ದು, ಅಲ್ಲಿಂದ ಲಾರಿ ಹತ್ತಿಸಿ ಹುಬ್ಬಳ್ಳಿ ಮುಟ್ಟಿಸಿದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ನನ್ನ ಕೈ ಹಿಡಿದು ಕುಳಿತದ್ದು ಅದೇ ಮೊದಲು. ಆಗಲೇ ನನಗೆ ಇದು ದೊಡ್ಡದು ಎಂದು ಗೊತ್ತಾಯಿತು.

ಹುಬ್ಬಳ್ಳಿಯ ಡಾಕ್ಟರರು, ಮೊದಲು ನಮ್ಮನ್ನು ಮುಂಬಯಿಗೆ ಕಳಿಸಿದವರು ಅವರೇ, ಬಾಟಲಿ ಹಚ್ಚಿ ಸೂಜಿ ಮಾಡಿ ನಾಲ್ಕು ದಿನ ಅಲ್ಲೇ ಇಟ್ಟುಕೊಂಡರು. ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಮತ್ತೆ ಫೋಟೋ ತೆಗೆದರು. ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಅದರಲ್ಲಿ ಕಂಡದ್ದು ಬೂದಿ ಬಣ್ಣದ ಮೋಡವೇ.

‘ಇದು ಪಿತ್ತದ ನಾಳ. ಆವಾಗ ಕಿರುಬಟ್ಟಿನಷ್ಟಿತ್ತು. ಈಗ ಹೆಬ್ಬಟ್ಟಿಗಿಂತ ದಪ್ಪ ಉಬ್ಬೇತಿ. ಒಳಗಿನ ನಳಿಗಿ ಪೂರಾ ಕಟ್ಟೇತಿ, ಅದರ ಮ್ಯಾಲೆ ಕೀವು ನಿಂತೈತಿ. ಕೆಳಗ ಅವರು ಕೊಯ್ದಿದ್ದ ಬಾಯಿ ಮಾಯ್ದು ಬಿಗದಂಗ ಕಾಣ್ತೈತಿ’ ಎಂದರು. ಆಮೇಲೆ ಚೀಟಿ ನೋಡಿ ಬೆರಳು ಮಡಚಿ ಎಣಿಸಿದರು. ‘ಅಲ್ಲರೀ ಯಜಮಾನ್ರ, ಜೂನದಾಗ ಹೋಗಬೇಕಿತ್ತಲ್ರಿ. ಯಾಕ ತಡ ಮಾಡಿದ್ರಿ?’

‘ಅಧಿಕ ಮಾಸ ಇತ್ರಿ ಸಾಹೇಬ್ರ. ನಮ್ಮ ತಾಯಿ ಅದನ್ನ ಲೆಕ್ಕಕ್ಕ ಹಿಡೀಲಿಲ್ರಿ.’

ಡಾಕ್ಟರರು ನಗಲಿಲ್ಲ, ಬಯ್ಯಲೂ ಇಲ್ಲ. ‘ಪಿತ್ತಕ್ಕ ಅಧಿಕ ಮಾಸ ಗೊತ್ತಿಲ್ರಿ. ಆವಾಗ ಹೋಗಿದ್ರ ಅರ್ಧಾ ತಾಸಿನ ಕೆಲಸ. ಹಳೇದು ಜಗ್ಗಿ ಹೊಸಾದು ಹಾಕಿ ಕಳಸ್ತಿದ್ರು’ ಎಂದರು.

‘ಈಗ?’ ಎಂದು ಕೇಳಿದವಳು ನಾನು.

‘ಈಗ ಒಳಗ ಇಳದು ನೋಡಬೇಕು. ಬರೇ ಮಾಯ್ದ ಗಾಯ ಬಿಗದಿದ್ರ ಹಿಗ್ಗಸ್ತಾರ, ನಾಕೈದು ಸಲ ಹೋಗಿ ಬರಬೇಕಾಗ್ತೈತಿ ಅಷ್ಟ. ಬ್ಯಾರೆ ಏನರ ಇದ್ರ…’ ಎಂದು ಅಲ್ಲಿಗೇ ಬಿಟ್ಟು ಫೋಟೋವನ್ನು ಪಾಕೀಟಿಗೆ ಹಾಕಿದರು. ಆ ಮಾತಿನ ಉಳಿದರ್ಧ ಐದು ದಿನದಿಂದ ನನ್ನ ಕಿವಿಯಲ್ಲಿದೆ. ರೊಟ್ಟಿ ಮುರಿಯುವಾಗ, ತಲೆ ಬಾಚಿಕೊಳ್ಳುವಾಗ, ಸುಮ್ಮನೆ ಗೋಡೆಗೆ ಒರಗಿದಾಗ ನಾನೇ ಅದನ್ನು ಪೂರ್ತಿ ಮಾಡುತ್ತೇನೆ. ಪ್ರತಿ ಸಲ ಬೇರೆ ಬೇರೆ ಥರ ಮಾಡುತ್ತೇನೆ, ಒಂದೂ ಒಳ್ಳೆಯದಾಗಿ ಮುಗಿಯುವುದಿಲ್ಲ.

ಜ್ವರ ಇಳಿಯಿತು. ಡಾಕ್ಟರರೇ ಮುಂಬಯಿಗೆ ಟ್ರಂಕ್ ಕಾಲ್ ಮಾಡಿ ಶುಕ್ರವಾರದ ಹೊತ್ತು ಗೊತ್ತು ಮಾಡಿಕೊಟ್ಟರು. ನಿನ್ನೆ ಮನೆಗೆ ಬಂದೆವು. ಇನ್ನು ನಾಲ್ಕು ದಿನ ಮತ್ತೆ ಚಳಿ ಬರದಿದ್ದರೆ ಸಾಕು. ಮೈ ಬೆಚ್ಚಗಾಯಿತೇನೋ ಎಂದು ತಾಸಿಗೊಮ್ಮೆ ನನ್ನ ಕುತ್ತಿಗೆಯನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಅತ್ತೆ ಒಳಗಿನಿಂದ ಗಂಜಿ ಕುಡಿಯಲು ಕರೆಯುತ್ತಿದ್ದಾಳೆ. ಆಮೇಲೆ ಬರೆಯುತ್ತೇನೆ.

ತಾ. ೧೨, ಮಂಗಳವಾರ

ನಿನ್ನೆಯೆಲ್ಲ ಜನ. ಓಣಿಯವರು ಒಬ್ಬೊಬ್ಬರೇ ಬಂದು ನೋಡಿ, ನನ್ನ ಮುಂದೆ ‘ಏನೂ ಆಗೂದಿಲ್ಲ ತಗೋ’ ಎಂದು, ಹೊಸ್ತಿಲು ದಾಟಿದ ಮೇಲೆ ಗುಸುಗುಸು ಮಾತಾಡಿದರು. ಕೇಳಿಸುವ ಹಾಗೆ ಗುಸುಗುಸು ಮಾತಾಡುವುದರಲ್ಲಿ ಮೊರಬದವರನ್ನು ಮೀರಿಸುವವರಿಲ್ಲ. ಎರಡು ಸೀರೆ, ಒಂದು ಚಾದರ, ತಟ್ಟೆ, ತಂಬಿಗೆ ಗಂಟು ಕಟ್ಟಿದ್ದಾಯಿತು. ನಾಳೆ ಮುಂಜಾನೆ ಹುಬ್ಬಳ್ಳಿ, ಅಲ್ಲಿಂದ ಮಿರಜ, ಅಲ್ಲಿ ಗಾಡಿ ಬದಲಿಸಬೇಕು. ನಿನ್ನ ಹತ್ತಿರ ನಾನು ಹೇಳಬೇಕಾದದ್ದು ಈಗ ನನ್ನ ಹೊಟ್ಟೆಯ ವಿಷಯವಲ್ಲ, ಅತ್ತೆಯ ವಿಷಯ.

ಹುಬ್ಬಳ್ಳಿಯಿಂದ ಬಂದ ದಿನ ಯಜಮಾನರು ಚಪ್ಪಲಿ ಸಹ ಬಿಡದೆ ಅಂಗಳದಲ್ಲಿ ನಿಂತು ತಾಯಿಗೆ ಒದರಿದರು. ‘ನಿನ್ನ ಅಧಿಕ ಮಾಸ ನನ್ನ ಮನಿ ಮುಣಗಿಸ್ತು ಬೇ. ಇನ್ನ ಮ್ಯಾಲೆ ಈ ಮನ್ಯಾಗ ಯಾರೂ ನಿನ್ನ ಲೆಕ್ಕ ಕೇಳಬಾರದು.’ ಅವರು ಹುಟ್ಟಿದಂದಿನಿಂದ ಅವ್ವನಿಗೆ ಎದುರಾಡಿದವರಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಆತು ಕುಳಿತಳು, ಆಮೇಲೆ ತನ್ನ ಪಾಲಿನ ಊಟವನ್ನು ದನಕ್ಕೆ ಹಾಕಿದಳು. ಅವತ್ತಿನಿಂದ ದಿನಕ್ಕೆ ಅರ್ಧ ರೊಟ್ಟಿ, ಒಂದು ಲೋಟ ಮಜ್ಜಿಗೆ, ಅಷ್ಟೇ.

ನಿನ್ನೆ ಬಾಜು ಮನೆಯ ತಾಯವ್ವ ತನ್ನ ಎಮ್ಮೆ ಯಾವಾಗ ಈಯುತ್ತದೆಂದು ಕೇಳಲು ಬಂದಳು. ‘ನನ್ನ ಕೇಳಬ್ಯಾಡವಾ. ನನ್ನ ಲೆಕ್ಕ ಮಂದೀನ ಕೊಲ್ತೈತಿ’ ಎಂದು ಅತ್ತೆ ಒಳಗೆ ಹೋದಳು. ಆಮೇಲೆ ಏನು ಮಾಡಿದಳು ಗೊತ್ತೇ, ಗೋಡೆಯ ಮೇಲಿದ್ದ ಬೀಜದ ಅಂಗಡಿಯ ಕ್ಯಾಲೆಂಡರನ್ನು ಕೆಳಗಿಳಿಸಿ ನನ್ನ ಮುಂದೆ ಹಾಸಿದಳು. ‘ಇಂಗ್ಲೀಷ ತಿಂಗಳಾ ಹೆಂಗ ಎಣಸ್ತಾರ, ನನಗ ತೋರಸವಾ. ಎಪ್ಪತ್ತಾರಕ್ಕ ಕಲೀಬಾರ್ದಂತ ಏನಿಲ್ಲಲ್ಲ.’ ತೋರಿಸಿದೆ. ಮೂವತ್ತು, ಮೂವತ್ತೊಂದು ಯಾಕೆ ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಮಾರ್ಚಿಯ ಮೇಲೆ ಬೆರಳಿಟ್ಟು, ಹಾಳೆ ತಿರುವುತ್ತ, ಒಂದು, ಎರಡು, ಮೂರು ಎಂದು ಜೂನ್ ತನಕ ಬಂದಳು. ಮತ್ತೆ ಮೊದಲಿನಿಂದ ಎಣಿಸಿದಳು. ನಾಲ್ಕು ಸಲ ಎಣಿಸಿದಳು. ಪ್ರತಿ ಸಲ ಜೂನಿಗೇ ಬಂತು. ನಾನು ನೋಡುತ್ತ ಕುಳಿತೆ.

ಇವತ್ತು ಮುಂಜಾನೆ ಯಜಮಾನರು ನಾಳೆ ಅಮಾವಾಸ್ಯೆ ಎಂದು ಒಂದು ಗಳಿಗೆ ಅನುಮಾನಿಸಿದರು. ಮಣ್ಣೆತ್ತಿನ ಅಮಾವಾಸ್ಯೆ, ಮನೆಮನೆಯಲ್ಲಿ ಎರಿಮಣ್ಣಿನ ಎತ್ತು ಮಾಡಿ ಪೂಜಿಸುವ ದಿನ. ಅಂದು ನಮ್ಮ ಮನೆಯಿಂದ ಹೊರಗಿನ ಊರಿಗೆ ಕಾಲಿಟ್ಟವರನ್ನು ನಾನು ಕಂಡಿಲ್ಲ, ಇಡಲು ಅತ್ತೆ ಬಿಟ್ಟವಳಲ್ಲ. ‘ಒಂದ ದಿನ ತಡೀಬೇಕೇನ ಬೇ?’ ಎಂದು ಮೆತ್ತಗೆ ಕೇಳಿದರು.

‘ಅಮಾಸಿ ಇದ್ರ ಇರ್ಲಿ. ಬೆಕ್ಕ ಅಡ್ಡ ಬಂದ್ರೂ ನಿಲ್ಲಬ್ಯಾಡ್ರಿ. ಹೋಗ್ರಿ’ ಎಂದಳು ಅತ್ತೆ. ಆಮೇಲೆ ಎಣ್ಣೆಯ ಬಟ್ಟಲು ಹಿಡಿದು ಬಂದು ನನ್ನ ಕಾಲ ಹತ್ತಿರ ಕುಳಿತು ಅಂಗಾಲಿಗೆ ಎಣ್ಣೆ ತಿಕ್ಕತೊಡಗಿದಳು. ನಾನು ಕಾಲು ಎಳೆದುಕೊಂಡೆ, ಆಕೆ ಬಿಡಲಿಲ್ಲ. ಅತ್ತೆ ಸೊಸೆಯ ಕಾಲು ಹಿಡಿಯುವುದನ್ನು ನೀನು ನಿಮ್ಮಲ್ಲಿ ಎಲ್ಲಾದರೂ ಕಂಡಿದ್ದೀಯಾ ಜುಲೇಖಾ? ಹೊಸದಾಗಿ ಬಂದಾಗ ಉಪ್ಪು ಹೆಚ್ಚಾಯಿತೆಂದು ಸಾರಿನ ಗಡಿಗೆಯನ್ನೇ ನನ್ನ ಮುಂದೆ ಚೆಲ್ಲಿದ ಅತ್ತೆ ಇವಳೇ. ಅವತ್ತಿನ ಸಿಟ್ಟನ್ನು ಈವರೆಗೆ ಜತನ ಮಾಡಿ ಇಟ್ಟುಕೊಂಡಿದ್ದೆ. ಇವತ್ತು ಹುಡುಕಿದರೂ ಸಿಗಲಿಲ್ಲ.

ಸಾಕು ಮಾಡುತ್ತೇನೆ, ಕೈ ಸೋತಿದೆ. ನನ್ನ ಹೆದರಿಕೆ ಎರಡು ಥರದ್ದು. ಒಂದು, ಆ ಡಾಕ್ಟರರು ಅರ್ಧಕ್ಕೆ ಬಿಟ್ಟ ಮಾತು. ಇನ್ನೊಂದು, ಆ ಕತ್ತಲ ಕೋಣೆಯ ಟೇಬಲ್ಲು. ಶುಕ್ರವಾರ ಹನ್ನೊಂದು ಗಂಟೆಗೆ ನೀನು ಸಾಲೆಯಲ್ಲಿ ಇರುತ್ತೀ. ಮಕ್ಕಳಿಗೆ ಏನಾದರೂ ಬರೆಯಲು ಕೊಟ್ಟು, ಅರ್ಧ ಗಳಿಗೆ ನನ್ನನ್ನು ನೆನೆದು ದುವಾ ಮಾಡು. ನಿನ್ನ ದೇವರು ನನ್ನ ದೇವರು ಎಂದು ಆಗ ಯಾರೂ ಕೇಳುವುದಿಲ್ಲ.

ನಿನ್ನ ಮಕ್ಕಳು ಚೆನ್ನಾಗಿ ಓದಲಿ, ಹಿರಿಯವಳಿಗೆ ಒಳ್ಳೆಯ ಮನೆ ಸಿಗಲಿ, ಬಾಷಾಸಾಬರ ಮೊಣಕಾಲು ಬೇಗ ವಾಸಿಯಾಗಲಿ. ನೀನು ನೂರು ವರ್ಷ ಸುಖವಾಗಿ ಇರು. ಈ ಪತ್ರವನ್ನು ಯಾರ ಕೈಗೂ ಕೊಡುವುದಿಲ್ಲ, ಹುಬ್ಬಳ್ಳಿ ಸ್ಟೇಶನ್ನಿನ ಡಬ್ಬಿಗೆ ನಾನೇ ಹಾಕುತ್ತೇನೆ.

ಎಂದೆಂದಿಗೂ ನಿನ್ನವಳು,
ಸಾವಿತ್ರಿ

ತಾ.ಕ.: ಪಾಕೀಟಿಗೆ ಅಂಟು ಹಚ್ಚಬೇಕೆಂದವಳು ತಿರುಗಿ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಒಂದು ಮಾತು ಬಿಟ್ಟಿದ್ದೇನೆ.

ಜೂನ್ ಮೊದಲ ವಾರ ಮುಂಬಯಿ ದವಾಖಾನೆಯಿಂದ ಒಂದು ಕಾರ್ಡು ಬಂದಿತ್ತು. ಯಜಮಾನರು ಹೊಲದಲ್ಲಿದ್ದರು, ಅತ್ತೆ ಹಿತ್ತಲಲ್ಲಿ ಕುಳ್ಳು ಬಡಿಯುತ್ತಿದ್ದಳು. ಟಪಾಲಿನವನು ನನ್ನ ಕೈಗೆ ಕೊಟ್ಟು ಹೋದ. ಅಚ್ಚು ಹಾಕಿದ ಇಂಗ್ಲಿಷು ನನಗೆ ಬಾರದು, ಆದರೆ ನನ್ನ ಹೆಸರಿನ ಕೆಳಗೆ ಶಾಯಿಯಲ್ಲಿ ಬರೆದ ತಾರೀಖು ಬರುತ್ತದೆ. ಹದಿನಾರು, ಆರು, ಎಂಬತ್ತೆಂಟು. ಅದಕ್ಕೆ ಇನ್ನೂ ಹತ್ತು ದಿನ ಇತ್ತು. ಅತ್ತೆಗೆ ತೋರಿಸಿದ್ದರೆ ಆಕೆ ಅಧಿಕವನ್ನೂ ಬಿಟ್ಟು ಅದೇ ದಿನ ಗಂಟು ಕಟ್ಟಿಸುತ್ತಿದ್ದಳು, ಮೊಂಡಿಯಾದರೂ ನನ್ನ ಜೀವಕ್ಕಿಂತ ತನ್ನ ಲೆಕ್ಕ ದೊಡ್ಡದು ಎನ್ನುವವಳಲ್ಲ. ನಾನು ಒಲೆಯ ಮುಂದಿದ್ದೆ. ಆ ಕರಿ ನಳಿಗೆ ಆಗಲೇ ಗಂಟಲಿಗೆ ಇಳಿದ ಹಾಗಾಯಿತು, ನನ್ನ ಕೈಯನ್ನು ಯಾರೋ ಕೆಳಕ್ಕೆ ಒತ್ತಿದ ಹಾಗಾಯಿತು. ಕಾರ್ಡನ್ನು ಒಲೆಗೆ ಹಾಕಿದೆ. ಹಂಚಿನ ಮೇಲಿನ ರೊಟ್ಟಿ ಮಗುಚುವುದರೊಳಗೆ ಅದು ಉರಿದು ಹೋಗಿತ್ತು. ಹೇಗೂ ಅತ್ತೆಯ ಲೆಕ್ಕ ಇದೆ, ನಾಲ್ಕು ವಾರ ಹೆಚ್ಚು ಸಿಕ್ಕಿತು ಎಂದು ಸಮಾಧಾನ ಮಾಡಿಕೊಂಡೆ. ನನಗಾಗ ಸಾಯುವ ಹೆದರಿಕೆ ಇರಲಿಲ್ಲ, ಆ ಟೇಬಲ್ಲಿನ ಹೆದರಿಕೆಯೇ ಇತ್ತು.

ಆಕೆ ಕ್ಯಾಲೆಂಡರು ಹಾಸಿಕೊಂಡು ನಾಲ್ಕು ಸಲ ಎಣಿಸುವಾಗ ಹೇಳಬೇಕೆಂದು ಬಾಯಿ ತೆರೆದೆ. ಕಾಲು ತಿಕ್ಕುವಾಗ ತೆರೆದೆ. ಮಾತು ಬರಲಿಲ್ಲ. ತಿರುಗಿ ಬಂದರೆ ನಾನೇ ಆಕೆಯ ಕಾಲು ಹಿಡಿದು ಹೇಳುತ್ತೇನೆ, ಯಜಮಾನರ ಮುಂದೆಯೇ ಹೇಳುತ್ತೇನೆ. ಬರದಿದ್ದರೆ ನೀನು ಮೊರಬಕ್ಕೆ ಹೋಗಬೇಕು. ಪತ್ರ ಬರೆಯಬೇಡ, ನೀನೇ ಹೋಗಿ ಆಕೆಯ ಹತ್ತಿರ ಕುಳಿತು ಹೇಳು. ಆಕೆ ನನ್ನನ್ನು ಬಯ್ಯಲಿ, ಊಟ ಮಾಡಲಿ.

ಇಷ್ಟು ಬರೆಯುವುದರಲ್ಲಿ ಅತ್ತೆ ಒಳಗೆ ಬಂದು ಪಕ್ಕದಲ್ಲಿ ನಿಂತಿದ್ದಾಳೆ. ‘ಜುಲೇಖಾಗ ಬರಿಯಾಕತ್ತೀಯೇನು? ನಂದೂ ಒಂದ ಮಾತ ಬರಿಯವಾ. ರೇವವ್ವಂದು ತಪ್ಪಾತಂತ ಬರಿ. ನಿನ್ನ ಗೆಳತಿ ನನಗ ಶಾಪಾ ಹಾಕಬಾರ್ದು’ ಎನ್ನುತ್ತಿದ್ದಾಳೆ. ಬರೆಯುವುದನ್ನು ನೋಡಿಯೇ ಹೋಗುತ್ತೇನೆಂದು ನಿಂತಿದ್ದಾಳೆ. ಆಕೆಗೆ ಓದಲು ಬಾರದು, ಅದಕ್ಕೇ ಆಕೆಯ ಕಣ್ಣ ಮುಂದೆಯೇ ಬರೆಯುತ್ತಿದ್ದೇನೆ: ತಪ್ಪು ರೇವವ್ವನದಲ್ಲ. ಕಾರ್ಡು ಸುಟ್ಟವಳು ನಾನು.

‘ನಾ ಹೇಳಿದಂಗ ಬರದೀಯಿಲ್ಲೋ?’ ಎಂದು ಕೇಳಿದಳು.

‘ಬರದೇನ್ರಿ ಅತ್ತಿ’ ಎಂದೆ.